ಬೀಗ ಬೀಳದ ಎರಡು ಅಕ್ಷರ

ಕಬ್ಬಿನ ಬಿಲ್ಲು ಎಷ್ಟು ಬಂತು ಎಂದು ರಾಯಬಾಗ ಕಡೆಯ ರೈತನನ್ನು ನೇರವಾಗಿ ಕೇಳಬಾರದು. ಕೇಳಿದರೆ "ಏನ್ ಬರ್ತೈತ್ರೀ, ಸಾಲಕ್ಕ ಸಾಲೂದಿಲ್ಲ" ಎಂಬ ಉತ್ತರ ಸಿಗುತ್ತದೆ, ಅಂಕಿ ಸಿಗುವುದಿಲ್ಲ. ಅಥಣಿ, ಕಾಗವಾಡ, ಚಿಕ್ಕೋಡಿಗಳಲ್ಲೂ ಇದೇ ಪದ್ಧತಿ. ನಿಪ್ಪಾಣಿಯವರು ಕಬ್ಬು ಎಂದಲ್ಲಿ ತಂಬಾಕು ಎಂದು ಓದಿಕೊಳ್ಳಲಿ. ಈ ವಿದ್ಯೆಯಲ್ಲಿ ನಮ್ಮ ಕಾಕಾ ಎಷ್ಟು ಪಳಗಿದವರೆಂದರೆ, ಬಿಲ್ಲಿನ ಮೊತ್ತ ಕಾಕೂಗೂ ಗೊತ್ತಾಗದಂತೆ ನೋಡಿಕೊಳ್ಳುತ್ತಾರೆ. ಆ ಕಾಕೂ ಏಳನೆಯತ್ತೆಯ ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವಳು ಎಂಬುದನ್ನು ಮಾತ್ರ ಅವರು ಆಗಾಗ ಮರೆಯುತ್ತಾರೆ.

ಇಂಥವರ ಕೈಗೆ ಅಮೆರಿಕದ ಮೊಮ್ಮಗ ಓದಿ ಬಿಟ್ಟ ಟಿಐ-83 ಪ್ಲಸ್ ಕ್ಯಾಲ್ಕುಲೇಟರ್ ಬಂತು. 1999ರ ಮಾದರಿ. ಸಮೀಕರಣ ಕೊಟ್ಟರೆ ನಕ್ಷೆ ಬಿಡಿಸುತ್ತದೆ, ಪ್ರೋಗ್ರಾಂ ಬರೆದರೆ ನಡೆಸುತ್ತದೆ. ನಮ್ಮ ಕಡೆ ಇಂಜಿನಿಯರಿಂಗ್ ಹುಡುಗರ ಬ್ಯಾಗಿನಲ್ಲಿರುವುದು ಕ್ಯಾಸಿಯೋ ಎಫ್‌ಎಕ್ಸ್-991 ಎಂಎಸ್. ಅದರಲ್ಲಿ ಅಂಕಿ ಇಡಲು ಎ ಇಂದ ಎಫ್‌ವರೆಗೆ ಆರು, ಜೊತೆಗೆ ಎಂ, ಎಕ್ಸ್, ವೈ, ಒಟ್ಟು 9 ಚರಾಕ್ಷರ. ಬಾಗಿಲಿಲ್ಲ, ಚಿಲಕವಿಲ್ಲ, ಆರ್‌ಸಿಎಲ್ ಒತ್ತಿದವರಿಗೆಲ್ಲ ದರ್ಶನ. ಟಿಐ ಹಾಗಲ್ಲ. 24 ಕಿಲೋಬೈಟ್ ರ‍್ಯಾಮ್ ಅದರ ಪಡಸಾಲೆ. ಆರ್ಕೈವ್ ಎಂಬ 160 ಕಿಲೋಬೈಟಿನ ಫ್ಲ್ಯಾಶ್ ಮೆಮೊರಿ ಅದರ ಹಗೇವು.

ಹಗೇವು ಕಂಡವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನೆಲದೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಹೇರಿ, ಮಣ್ಣು ಮೆತ್ತಿಬಿಟ್ಟರೆ ಕಳ್ಳನಿಗೂ ಇಲ್ಲ, ಮಳೆಗೂ ಇಲ್ಲ. ಆದರೆ ಹಗೇವಿನಲ್ಲಿರುವ ಜೋಳದಿಂದ ಅಲ್ಲಿಯೇ ರೊಟ್ಟಿ ಬಡಿಯಲಾಗದು, ಮೇಲೆ ತರಬೇಕು. ಆರ್ಕೈವಿನ ನಿಯಮವೂ ಅದೇ. ಬ್ಯಾಟರಿ ಸತ್ತರೂ, ಯಾರೋ ರ‍್ಯಾಮ್ ಅಳಿಸಿದರೂ ಒಳಗಿನದು ಅಲುಗುವುದಿಲ್ಲ. ಹೊರಗೆ ತೆಗೆಯದೆ ಲೆಕ್ಕಕ್ಕೆ ಬಳಸಲೂ ಆಗುವುದಿಲ್ಲ.

ಅಮೆರಿಕದ ಮಕ್ಕಳಿಗೆ ಇದು ಬೇಕಾದದ್ದು ಮೇಷ್ಟ್ರ ಕಾಟಕ್ಕೆ. ಪರೀಕ್ಷೆಗೆ ಮುಂಚೆ ಮೆಮೊರಿ ಅಳಿಸಿ ತೋರಿಸು ಎಂದರೆ, ಕೆಲವರು ಅಳಿಸಿದಂತೆ ಸುಳ್ಳು ಪರದೆ ತೋರಿಸುವ ಪ್ರೋಗ್ರಾಮನ್ನೇ ಬರೆದಿಟ್ಟುಕೊಂಡಿರುತ್ತಿದ್ದರು. ಮಿರಾಜ್‌ಒಎಸ್ ಎಂಬ ತಂತ್ರಾಂಶ ಹಾಕಿಕೊಂಡವರಿಗಂತೂ ಪ್ರೋಗ್ರಾಮಿಗೆ ಬೀಗ ಹಾಕುವ, ಅದರ ಹೆಸರನ್ನೇ ಪಟ್ಟಿಯಿಂದ ಮಾಯ ಮಾಡುವ ಸೌಕರ್ಯವೂ ಇತ್ತು. ನಮ್ಮ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಈ ರಗಳೆಯೇ ಬೇಡವೆಂದು ಪ್ರೋಗ್ರಾಂ ಬರೆಯಬಲ್ಲ ಕ್ಯಾಲ್ಕುಲೇಟರನ್ನು ಪರೀಕ್ಷಾ ಕೊಠಡಿಯ ಹೊರಗೇ ನಿಲ್ಲಿಸಿದೆ. ಜಾಣತನದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಕಾಕಾ ಪರೀಕ್ಷೆಗೆ ಕೂರುವವರಲ್ಲ. ಅವರದು ಕಬ್ಬಿನ ಲೆಕ್ಕ. ಫೋನಿನಲ್ಲಿ ಮೊಮ್ಮಗನಿಂದ ಪಾಠ ಹೇಳಿಸಿಕೊಂಡು, ಕಟ್ಟೆಯ ಮೇಲೆ ಕೂತು, ಊರಿಗೇ ಕೇಳುವಂತೆ ಗೊಣಗುತ್ತ ಗುಂಡಿ ಒತ್ತಿದರು: "ಟಿ ಅಂದ್ರ ಟನ್ನು. ಆರ್ ಅಂದ್ರ ರೇಟು. ಎಚ್ ಅಂದ್ರ ಕಟಾವು, ವಾಹತೂಕು. ಟಿ ಗುಣಿಸು ಆರ್, ಕಳಿ ಎಚ್, ಬಂದದ್ದು ಕೆ." ಗುಟ್ಟು ಕಾಯುವವರು ಗಟ್ಟಿಯಾಗಿ ಮಾತಾಡುವುದು ನಮ್ಮ ಸೀಮೆಯ ವಿಶೇಷ.

ಕೆ ಆರ್ಕೈವಿಗೆ ಇಳಿಯಿತು. ಪಟ್ಟಿಯಲ್ಲಿ ಅದರ ಪಕ್ಕ ಒಂದು ನಕ್ಷತ್ರ ಮೂಡಿತು. ಎಚ್ ಕೂಡ ಇಳಿಯಿತು. ಆರ್ ಇಳಿಯಲಿಲ್ಲ. ಟಿ ಕೂಡ ಜಪ್ಪೆನ್ನಲಿಲ್ಲ.

ಯಂತ್ರದ ದೋಷವಲ್ಲ ಅದು. ಆರ್, ಟಿ, ಎಕ್ಸ್, ವೈ ಮತ್ತು ಥೀಟಾಗಳನ್ನು ನಕ್ಷೆ ಬಿಡಿಸುವಾಗ ಯಂತ್ರವೇ ಪದೇ ಪದೇ ಬಳಸುತ್ತದೆ. ಆದ್ದರಿಂದ ಅವನ್ನು ಹೂತಿಡಲು ಬಿಡುವುದಿಲ್ಲ. ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳಲ್ಲಿ ಕಾಕಾ ಆರಿಸಿದ ಎರಡು ಮುಖ್ಯ ಅಕ್ಷರಗಳು ಅವೇ ಆಗಬೇಕೇ! ನನಗೇನೋ ಟೆಕ್ಸಾಸಿನವರು ಕಬ್ಬು ಬೆಳೆಗಾರನ ಕಷ್ಟ ತಿಳಿದೇ ಈ ಯಂತ್ರ ಮಾಡಿದ್ದಾರೆ ಅನ್ನಿಸಿತು. ಟನ್ನು ರೈತನ ಕೈಯಲ್ಲಿಲ್ಲ, ಅದು ಕಾರ್ಖಾನೆಯ ಕಾಟಾದಲ್ಲಿದೆ. ರೇಟೂ ಇಲ್ಲ, ಅದು ದಿಲ್ಲಿಯಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದಡಿ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಗೊತ್ತುಮಾಡುತ್ತದೆ. 2024-25ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,400 ರೂಪಾಯಿ ಇತ್ತು. ಇಳುವರಿ ಬದಲಾದರೆ ರೇಟೂ ಬದಲು. ಹಿಡಿದಿಡಲಾಗದ ಈ ಎರಡಕ್ಕೆ ಯಂತ್ರವೂ ಬೀಗ ಕೊಡಲಿಲ್ಲ.

ಸಂಜೆ ಕಾಕಾ ಹೊಲಕ್ಕೆ ಹೋದಾಗ ಕಾಕೂ ಒಳಗಿನಿಂದ ಬಂದು ಯಂತ್ರ ಎತ್ತಿಕೊಂಡಳು. ಕೆ ಒತ್ತಿಸಿದಳು. 'ಎರರ್: ಆರ್ಕೈವ್ಡ್' ಎಂದು ಬಂತು. ನಾನು ಅರ್ಥ ಹೇಳಿದೆ.

"ಅಂದ್ರ ಏನೋ ಮುಚ್ಚಿಟ್ಟಾರಂತ ಇದೇ ಹೇಳಾಕತ್ತೈತಲ್ಲೋ ತಮ್ಮಾ?"

ಹೌದು. ಟಿಐ ಕಾಯುತ್ತದೆ, ಆದರೆ ಬಚ್ಚಿಡುವುದಿಲ್ಲ. ಬಚ್ಚಿಡುವ ಕಲೆ 1990ರ ಎಚ್‌ಪಿ-48 ಕ್ಯಾಲ್ಕುಲೇಟರಿಗೆ ಚೆನ್ನಾಗಿ ಗೊತ್ತಿತ್ತು. ಅಲಾರಂಗಳನ್ನು, ಬಳಕೆದಾರ ಬದಲಿಸಿಕೊಂಡ ಗುಂಡಿಗಳ ವಿವರವನ್ನು ಅದು ಹೆಸರೇ ಇಲ್ಲದ ಡೈರೆಕ್ಟರಿಯಲ್ಲಿ ಇಡುತ್ತಿತ್ತು. ಹೆಸರಿಲ್ಲ, ಹಾಗಾಗಿ ಮೆನುವಿನಲ್ಲಿ ಕಾಣುವುದೂ ಇಲ್ಲ. ಕಾಕಾಗೆ ಬೇಕಿದ್ದುದು ಅದು, ಸಿಕ್ಕಿದ್ದು ಇದು.

ಕಾಕೂ ಎಚ್‌ಪಿ ಕಥೆಗೆ ಕಿವಿಗೊಡಲಿಲ್ಲ. "ಟಿ ಯಾವುದು, ತೋರ್ಸು. ಇನ್ನ ಆರ್." ಟಿ ಗುಣಿಸು ಆರ್ ಒತ್ತಿಸಿದಳು. ಬಂದ ಅಂಕಿಯಿಂದ ಕಟಾವು ಗ್ಯಾಂಗಿನವರಿಗೆ, ಟ್ರ್ಯಾಕ್ಟರಿನವನಿಗೆ ಎಷ್ಟೆಷ್ಟು ಹೋಗುತ್ತದೆಂದು ಬಾಯಲ್ಲೇ ಕಳೆದಳು. ಆಮೇಲೆ ಹಗೇವು ತೆಗೆಸಿ ನೋಡಿದೆವು. ಕೆಯೊಳಗಿನ ಮೊತ್ತಕ್ಕೂ ಕಾಕೂನ ಮೊತ್ತಕ್ಕೂ ಇದ್ದ ವ್ಯತ್ಯಾಸ ಒಂದು ಚಹಾದ ಖರ್ಚಿನಷ್ಟು. ಅದನ್ನು ಅವಳು ಕಾಕಾನ ತಪ್ಪು ಲೆಕ್ಕಕ್ಕೆ ಹಾಕಿದಳು.

ಮನೆಯಲ್ಲಿ ಇಂಥ ಯಂತ್ರ ಇದ್ದವರಿಗೆ ಒಂದು ಮಾತು. ಬ್ಯಾಟರಿ ಬದಲಿಸುವ ಮೊದಲು ಬೇಕಾದ್ದನ್ನೆಲ್ಲ ಆರ್ಕೈವಿಗೆ ಇಳಿಸಿ. ಉತ್ತರಕ್ಕೆ ಬೀಗ ಹಾಕುವ ಮುನ್ನ ಟಿ ಮತ್ತು ಆರ್ ಎರಡರಲ್ಲೂ ಸೊನ್ನೆ ತುಂಬಿ. ಗುಂಡಿ ಒತ್ತುವಾಗ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.