ಸನ್ಮಾನ್ಯ ‘ದುರಸ್ತಿಯಲ್ಲಿದೆ’ ಫಲಕದವರ ಸನ್ನಿಧಿಗೆ

ಇವರಿಗೆ,
ಶ್ರೀ ‘ದುರಸ್ತಿಯಲ್ಲಿದೆ’ ಫಲಕದವರು,
ವಿದ್ಯುತ್ ವಿಭಾಗ, ಮೊದಲ ಮಹಡಿ,
ಒಂದಾನೊಂದು ವಿಜ್ಞಾನ ಮತ್ತು ಕೈಗಾರಿಕಾ ಸಂಗ್ರಹಾಲಯ.

ವಿಷಯ: ತಮ್ಮ ವರ್ಗಾವಣೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ: ಕಳೆದ ಶನಿವಾರ ತಂಗಿಯ ಮಗಳ ಕೈಹಿಡಿದು ಅವನು ತಮ್ಮ ಕಾರ್ಯಕ್ಷೇತ್ರಕ್ಕೆ ಬಂದಿದ್ದ. ಟಿಕೆಟ್ ಸಾಲಿನಲ್ಲಿ ನಿಂತು ನಿಂತು ಕಾಲು ಸೋತು, ಕೌಂಟರಿನವರು ‘ಚಿಲ್ಲರೆ ಕೊಡಿ’ ಎಂದದ್ದಕ್ಕೆ ಹೊರಗಿನ ಸೌತೆಕಾಯಿ ಗಾಡಿಯವರನ್ನು ಗೋಗರೆದು, ಅಂತೂ ಒಳಗೆ ಕಾಲಿಟ್ಟರೆ ಎದುರಿಗೆ ತಾವು. ಬಲಕ್ಕೆ ತಿರುಗಿದರೂ ತಾವು. ಮೆಟ್ಟಿಲು ಹತ್ತಿದರೆ ಅಲ್ಲೂ ತಾವೇ, ಮದುವೆ ಮನೆಯ ಯಜಮಾನರ ಹಾಗೆ. ಸಿಬ್ಬಂದಿ ಸಾಲದು ಎಂದು ಎಲ್ಲ ಕಚೇರಿಗಳೂ ಗೋಳಾಡುವ ಕಾಲದಲ್ಲಿ ಒಬ್ಬರೇ ಇಷ್ಟು ವಿಭಾಗ ಸಂಭಾಳಿಸುತ್ತಿರುವುದು ಮೆಚ್ಚತಕ್ಕದ್ದೇ. ತಮಗೆ ಲ್ಯಾಮಿನೇಷನ್ ಆಗಿದೆ. ಮೂಲೆಗಳು ಹಳದಿಗಟ್ಟಿವೆ. ಟೇಪಿನ ಮೇಲೆ ಟೇಪು, ಅದರ ಮೇಲೆ ಮತ್ತೊಂದು. ಹಂಗಾಮಿ ನೌಕರರಿಗೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ. ತಾವು ಕಾಯಂ ಆಗಿದ್ದೀರಿ ಎಂದು ಅಲ್ಲೇ ಗೊತ್ತಾಯಿತು.

(ಇದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 1962ರಲ್ಲಿ ನೆಹರು ಉದ್ಘಾಟಿಸಿದ ವಿಶ್ವೇಶ್ವರಯ್ಯ ಸಂಗ್ರಹಾಲಯದ ಮಾತಲ್ಲ, ಬೇರೆ ಕಡೆಯದ್ದು. ಹೆಸರು ಹೇಳಿದರೆ ತಮ್ಮ ಬಡ್ತಿಗೆ ಅಡ್ಡಿಯಾದೀತು.)

ಗಾಳಿಯಲ್ಲಿ ತೇಲಬೇಕಾದ ಚೆಂಡು ಕೊಳವೆಯ ಬಾಯಲ್ಲಿ ಮಲಗಿತ್ತು. ಕೂದಲು ನಿಗುರಿಸಬೇಕಾದ ಗೋಳದ ಸುತ್ತ ಹಗ್ಗ ಕಟ್ಟಿತ್ತು. ‘ಒತ್ತಿ ನೋಡಿ’ ಎಂದು ಬರೆದಲ್ಲೆಲ್ಲ ಒತ್ತಿದ್ದಾಯಿತು, ನೋಡುವುದಕ್ಕೆ ಮಾತ್ರ ಏನೂ ಸಿಗಲಿಲ್ಲ. ಇವೆಲ್ಲವನ್ನೂ ಅರ್ಜಿದಾರ ಕ್ಷಮಿಸಿದ್ದಾನೆ.

ಡೈನಮೊ ಒಂದನ್ನು ಬಿಟ್ಟು.

ಅದು ತೀರಾ ಸಾದಾ ಉಪಕರಣ. ಹ್ಯಾಂಡಲ್ ತಿರುಗಿಸಿದರೆ ಆಯಸ್ಕಾಂತದ ನಡುವೆ ತಂತಿಸುರುಳಿ ತಿರುಗುತ್ತದೆ, ಪುಟ್ಟ ಬಲ್ಬು ಹೊತ್ತಿಕೊಳ್ಳುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಸಂಗತಿ ಅಷ್ಟೂ ಅದರಲ್ಲಿದೆ. ತಂಗಿಯ ಮಗಳು ತಿರುಗಿಸಿದಳು. ಬೆಳಕಿಲ್ಲ. ‘ಮಾಮ, ಕರೆಂಟ್ ಹೋಗಿದ್ಯಾ?’ ಎಂದಳು. ಕರೆಂಟು ಹುಟ್ಟಿಸುವ ಯಂತ್ರದ ಮುಂದೆ ನಿಂತು ಕೇಳಿದ ಪ್ರಶ್ನೆ! ಅರ್ಜಿದಾರ ಹೊಟ್ಟೆ ತುಂಬ ನಕ್ಕ.

ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಶಾಲೆಯೊಂದರ ಸಾಲು ಬಂತು. ಮೇಷ್ಟ್ರ ಕೊರಳಲ್ಲಿ ಸೀಟಿ, ಕೆಳಗೆ ಬಸ್ಸಿನವನ ಹಾರ್ನು. ಸಾಲಿನಿಂದ ತಪ್ಪಿಸಿಕೊಂಡ ಹುಡುಗನೊಬ್ಬ ಹ್ಯಾಂಡಲ್ ಹಿಡಿದ. ಹತ್ತಲಿಲ್ಲ. ‘ಜೋರಾಗಿ ತಿರುಗಿಸೋ, ತಿಂಡಿ ತಿಂದಿಲ್ವಾ?’ ಎಂದರು ಮೇಷ್ಟ್ರು. ಹುಡುಗ ತುಟಿ ಕಚ್ಚಿ ಎರಡೂ ಕೈಯಲ್ಲಿ ಗರಗರ ತಿರುಗಿಸಿದ. ಆಮೇಲೆ ತನ್ನ ತೋಳನ್ನೇ ಒಮ್ಮೆ ನೋಡಿಕೊಂಡು, ‘ಶಕ್ತಿ ಸಾಲ್ತಿಲ್ಲ ಸಾರ್’ ಅಂದ. ಹಿಂದಿದ್ದವರು ಹೋ ಎಂದರು. ಸೀಟಿ ಕೂಗಿತು. ಸಾಲು ಮುಂದೆ ಹೋಯಿತು.

ಗಾಜಿನೊಳಗೆ ಬಗ್ಗಿ ನೋಡಿದರೆ ಬಲ್ಬಿಗೆ ಹೋಗುವ ತಂತಿ ಬೆಸುಗೆ ಬಿಟ್ಟು ನೇತಾಡುತ್ತಿತ್ತು.

ಆಗ ತಾವೆಲ್ಲಿದ್ದಿರಿ, ಸ್ವಾಮಿ? ಬೇಕಿಲ್ಲದ ಕಡೆಯೆಲ್ಲ ಹಾಜರಿರುವ ತಾವು, ನಿಜಕ್ಕೂ ಬೇಕಾದ ಆ ಒಂದು ಜಾಗದಲ್ಲಿ ಟೇಪು ಕಿತ್ತು ಮೇಜಿನಡಿ ಬೋರಲು ಬಿದ್ದಿದ್ದಿರಿ. ‘ತಪ್ಪು ನಿನ್ನದಲ್ಲ, ಯಂತ್ರದ್ದು’ ಎಂದು ಆ ಹುಡುಗನಿಗೆ ಹೇಳುವ ಒಂದೇ ಒಂದು ಕೆಲಸ ತಮ್ಮದಾಗಿತ್ತು.

ಹುಡುಗನಿಗೆ ಶಕ್ತಿ ಬೇಕಾದಷ್ಟಿತ್ತು. ಹ್ಯಾಂಡಲ್ ಹಗುರವಾಗಿ ಗರಗರ ತಿರುಗಿದ್ದೇ ಅದು ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿ. ಬಲ್ಬು ಹೊತ್ತಿದರೆ ಹ್ಯಾಂಡಲ್ ಕೈಗೆ ಭಾರವಾಗುತ್ತದೆ. ತೋಳಿನ ಶ್ರಮವೇ ಬೆಳಕಾಗಿ ಹೋಗುತ್ತಿದೆ ಎಂದು ಆಗ ಮೈಗೆ ಗೊತ್ತಾಗುತ್ತದೆ. ಬೆಳಕು ಬಿಟ್ಟಿ ಬರುವುದಿಲ್ಲ ಎಂಬುದನ್ನು ಪುಸ್ತಕ ಹೇಳೀತು, ಕೈಗೆ ತಿಳಿಸುವುದು ಆ ಭಾರ ಮಾತ್ರ. ಅದಕ್ಕೆಂದೇ ಆ ಮಕ್ಕಳು ನಸುಕಿಗೆ ಎದ್ದು ಬಸ್ಸು ಹತ್ತಿ ಬಂದದ್ದು. ಹಿಂದಿರುಗುವಾಗ ಒಬ್ಬ ತನ್ನ ರಟ್ಟೆ ಸೋತಿತು ಎಂದುಕೊಂಡು ಹೋದ. ಇದರಲ್ಲಿ ತಮಾಷೆ ಏನೂ ಇಲ್ಲ.

ಮುಟ್ಟಿ ತಿರುಗಿಸಿ ಕಲಿಯುವ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ್ದು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ. 1903ರಲ್ಲಿ ಅದನ್ನು ಹುಟ್ಟುಹಾಕಿದ ಆಸ್ಕರ್ ಫಾನ್ ಮಿಲ್ಲರ್ ಕೂಡ ಕರೆಂಟಿನ ಮನುಷ್ಯರೇ. 1891ರಲ್ಲಿ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿ.ಮೀ. ದೂರ ವಿದ್ಯುತ್ ಹರಿಸಿ ತೋರಿಸಿದವರು. ನಾವೇನೂ ಹಿಂದೆ ಬಿದ್ದಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ 1902ರಲ್ಲಿ ಮುಗಿದು, ಶಿವನಸಮುದ್ರದ ಕರೆಂಟು ಸುಮಾರು 90 ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಅಲ್ಲಿ ಕಾವೇರಿ ತಿರುಗಿಸಿದ್ದು, ಇಲ್ಲಿ ಆ ಹುಡುಗ ತಿರುಗಿಸಿದ್ದು, ಎರಡರ ಹಿಂದಿರುವುದೂ ಅದೇ ಫ್ಯಾರಡೆಯ ತತ್ವ. ಆಗಿನವರು 90 ಮೈಲಿ ತಂತಿ ಎಳೆದರು. ಈಗಿನವರಿಗೆ ಗೇಣುದ್ದ ತಂತಿ ಬೆಸೆಯಲು ಟೆಂಡರ್ ಬೇಕು.

ಯಂತ್ರ ಕೆಡುವುದು ಅಪರಾಧವಲ್ಲ. ಸಾವಿರ ಕೈ ತಿರುಗಿಸಿದರೆ ಯಾವುದಾದರೂ ಸವೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ತೆರೆದ ಫ್ರಾಂಕ್ ಓಪನ್‌ಹೈಮರ್ ವರ್ಕ್‌ಶಾಪನ್ನೇ ಜನರ ಕಣ್ಣೆದುರು ಇಟ್ಟರು. ಮಾಡುವುದೂ ರಿಪೇರಿ ಮಾಡುವುದೂ ಅಲ್ಲಿ ನೋಡುವ ವಸ್ತುವೇ. ತಮ್ಮಲ್ಲಿ ನೋಡಲು ಸಿಗುವುದು ತಾವೊಬ್ಬರೇ.

ಅಂದಹಾಗೆ, ಬೇರೆ ಟಿಕೆಟ್ ಕೊಳ್ಳಬೇಕಾದ ತ್ರೀಡಿ ಶೋ ಮಾತ್ರ ಗಂಟೆ ಹೊಡೆದಂತೆ ಓಡುತ್ತಿತ್ತು. ಅದರ ಬಾಗಿಲಿಗೆ ತಮ್ಮ ವರ್ಗಾವಣೆ ಯಾವತ್ತೂ ಆಗಿಲ್ಲ. ಏಕೆಂದು ಕೇಳುವ ಅಧಿಕಾರ ಅರ್ಜಿದಾರನಿಗಿಲ್ಲ.

ಆದ್ದರಿಂದ ಅವನ ಬೇಡಿಕೆ ಇಷ್ಟೆ. ತಮ್ಮನ್ನು ಕೂಡಲೇ ಯಾವುದಾದರೂ ಕಡತದೊಳಕ್ಕೆ ವರ್ಗಾಯಿಸಿ, ಆ ಜಾಗಕ್ಕೆ ಸೋಲ್ಡರಿಂಗ್ ಕಬ್ಬಿಣ ಹಿಡಿಯಲು ಬರುವ ಯಾರನ್ನಾದರೂ ನೇಮಿಸಬೇಕು. ಐಟಿಐ ಕಲಿತ ಹುಡುಗರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಡೈನಮೊ ಸರಿಹೋಗುವ ತನಕ, ದಯವಿಟ್ಟು, ಮೇಜಿನಡಿಯಿಂದ ಎದ್ದು ನೆಟ್ಟಗೆ ನಿಲ್ಲತಕ್ಕದ್ದು.

ಇಂತಿ,
ಅರ್ಜಿದಾರ

ಪ್ರತಿ: ಮುಖ್ಯದ್ವಾರದ ಉದ್ಘಾಟನಾ ಶಿಲಾಫಲಕದವರಿಗೆ, ಮಾಹಿತಿಗಾಗಿ. ಅವರ ಹಿತ್ತಾಳೆ ಅಕ್ಷರಗಳನ್ನು ಆ ದಿನವೂ ಯಾರೋ ತಿಕ್ಕುತ್ತಿದ್ದರು.