ರಾಜಭವನಕ್ಕೆ ಸಿ.ಎಸ್. ಪುರದಿಂದ ಒಂದು ಬಹಿರಂಗ ಪತ್ರ

ಸಿ.ಎಸ್. ಪುರ, ಗುಬ್ಬಿ ತಾಲ್ಲೂಕು
ಡಿಸೆಂಬರ್ 2025

ಮಾನ್ಯ ರಾಜ್ಯಪಾಲರಾದ ಶ್ರೀ ಥಾವರಚಂದ್ ಗೆಹ್ಲೋಟ್ ಅವರಿಗೆ,

ನಮ್ಮ ಹೋಬಳಿಯ ಒಂದು ಹಳ್ಳಿ ಶಾಲೆಯ ಮಾತಿನಿಂದ ಶುರು ಮಾಡುತ್ತೇನೆ. ಹೆಂಚಿನ ಕಟ್ಟಡ. ಕಳೆದ ಮಳೆಗಾಲದಲ್ಲಿ ಒಂದು ಕೋಣೆಯ ತೊಲೆ ಗೆದ್ದಲು ಹಿಡಿದು ಬಾಗಿತು. ಮೇಷ್ಟ್ರು ಮಕ್ಕಳನ್ನೆಲ್ಲ ಪಕ್ಕದ ಕೋಣೆಗೆ ತಂದು ಕೂರಿಸಿದರು. ಅಲ್ಲೂ ಸೋರುತ್ತಿತ್ತು. ಹೆಂಚಿನ ಸಂದಿಯಿಂದ ಬೀಳುವ ನೀರಿಗೆ ಬಿಸಿಯೂಟದ ಪಾತ್ರೆಯೊಂದನ್ನು ಇಟ್ಟಿದ್ದರು. ಅದು ತುಂಬಿದಾಗಲೆಲ್ಲ ಒಬ್ಬ ಹುಡುಗ ಪಾಠದ ನಡುವೆ ಎದ್ದು, ಎರಡೂ ಕೈಯಲ್ಲಿ ಪಾತ್ರೆ ಎತ್ತಿಕೊಂಡು ಹೋಗಿ ಚೆಲ್ಲಿ ಬರುತ್ತಿದ್ದ. ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅವತ್ತು ಅವನ ಪಾಳಿ.

ಊರಿನ ನಾಲ್ಕು ಜನ ಸೇರಿ ಅರ್ಜಿ ಬರೆದು ಒಂದು ಕಚೇರಿಗೆ ಹೋದೆವು. ಅಲ್ಲಿದ್ದ ನೌಕರರು ಅರ್ಜಿ ಓದಿ, ಸೀಲು ಹಾಕಿ, ಕನ್ನಡಕ ತೆಗೆದು ಹೇಳಿದರು: ‘ಮೊದ್ಲಾಗಿದ್ರೆ ನಿಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್ರು ಮೀಟಿಂಗಲ್ಲಿ ಎತ್ತೋರು, ಆಕ್ಷನ್ ಪ್ಲಾನಿಗೆ ಸೇರ್ಕೊಳ್ಳೋದು. ಈಗ ಯಾರ್ ಕೇಳ್ತಾರೆ ಸ್ವಾಮಿ?’ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಇದ್ದದ್ದನ್ನೇ ಹೇಳಿದರು.

ನಾವು ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ನೀವು ಕರ್ನಾಟಕದ ರಾಜ್ಯಪಾಲರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅದೇ ವರ್ಷದ ಜುಲೈ 11ರಂದು. ಅಂದರೆ ನೀವು ರಾಜಭವನದಲ್ಲಿರುವ ಹೆಚ್ಚುಕಡಿಮೆ ಅಷ್ಟೂ ಕಾಲ ಈ ರಾಜ್ಯದ ಒಂದೇ ಒಂದು ಜಿಲ್ಲಾ ಪಂಚಾಯಿತಿಯಲ್ಲಿ ಜನ ಆರಿಸಿದ ಸದಸ್ಯರಿಲ್ಲ. ಅವರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳಿದ್ದಾರೆ. 2016ರ ಆ ಚುನಾವಣೆ ಮುಗಿದ ಮೇಲೆ ಹದಿನೆಂಟು ತುಂಬಿದ ಹೆಣ್ಣುಮಗಳೊಬ್ಬಳು ನಮ್ಮ ಬೀದಿಯಲ್ಲಿದ್ದಾಳೆ. ಮದುವೆಯಾಗಿ ಎರಡು ಮಕ್ಕಳ ತಾಯಿ. ಅವಳು ಜಿಲ್ಲಾ ಪಂಚಾಯಿತಿಗೆ ಇವತ್ತಿನವರೆಗೆ ಒಂದೇ ಒಂದು ಮತ ಹಾಕಿಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿರುವ ರಾಜ್ಯ ಇದು. ಅವಳೇ ಸದಸ್ಯೆಯಾಗಿ ನಿಲ್ಲಬಹುದಿತ್ತು.

ನಮ್ಮ ಹೋಬಳಿಗೆ ಈ ನಷ್ಟ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. ನಾವು ಕಂದಾಯಕ್ಕೆ ಗುಬ್ಬಿ ತಾಲ್ಲೂಕಿನವರು, ವಿಧಾನಸಭೆಗೆ ತುರುವೇಕೆರೆ ಕ್ಷೇತ್ರದವರು. ತಹಶೀಲ್ದಾರರನ್ನು ಕಾಣಲು ಒಂದು ಕಡೆ, ಶಾಸಕರನ್ನು ಕಾಣಲು ಇನ್ನೊಂದು ಕಡೆ. ಗುಬ್ಬಿಯವರು ‘ನಿಮ್ಮ ಎಂಎಲ್‌ಎ ಅಲ್ಲಿದಾರಲ್ಲ’ ಅಂತಾರೆ, ತುರುವೇಕೆರೆಯವರು ‘ನಿಮ್ಮ ತಾಲ್ಲೂಕು ಆಫೀಸು ಅಲ್ಲಿದೆಯಲ್ಲ’ ಅಂತಾರೆ. ಈ ಎರಡರ ನಡುವೆ ನಮ್ಮವರು ಅಂತ ಇದ್ದದ್ದು ಪಂಚಾಯಿತಿ ಮೆಂಬರ್ರು ಮಾತ್ರ. ಸಂತೆಯಲ್ಲಿ ಸಿಗುತ್ತಿದ್ದರು, ಜಾತ್ರೆಯಲ್ಲಿ ಸಿಗುತ್ತಿದ್ದರು, ಬೆಳಿಗ್ಗೆ ಮನೆ ಮುಂದೆ ನಿಂತು ಕೂಗಿದರೆ ಲುಂಗಿ ಉಟ್ಟುಕೊಂಡೇ ಹೊರಗೆ ಬರುತ್ತಿದ್ದರು.

ಇದನ್ನೆಲ್ಲ ಮುಖ್ಯಮಂತ್ರಿಗಳಿಗೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ಸಂವಿಧಾನದ 243ಕೆ ವಿಧಿಯ ಪ್ರಕಾರ ರಾಜ್ಯ ಚುನಾವಣಾ ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು. ಚುನಾವಣೆಗೆ ಬೇಕಾದ ಸಿಬ್ಬಂದಿಯನ್ನು ಆಯೋಗ ಕೇಳಿದಾಗ ಒದಗಿಸುವ ಹೊಣೆಯೂ ಅದೇ ವಿಧಿಯಲ್ಲಿ ರಾಜ್ಯಪಾಲರ ಹೆಸರಿನಲ್ಲೇ ಇದೆ. 243ಇ ವಿಧಿ ಇನ್ನೂ ಕಟ್ಟುನಿಟ್ಟು: ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು.

ರಾಜ್ಯಪಾಲರನ್ನೇ ಜನ ಆರಿಸಬೇಕೆಂಬ ಯೋಚನೆ ಈ ದೇಶದಲ್ಲಿತ್ತು. ಇದು ನಮ್ಮ ಕಡೆ ಅನೇಕರಿಗೆ ಗೊತ್ತಿಲ್ಲ. 1948ರ ಕರಡು ಸಂವಿಧಾನದಲ್ಲಿ ಎರಡು ದಾರಿಗಳನ್ನು ಬರೆದಿಟ್ಟಿದ್ದರು. ಒಂದು, ಪ್ರಾಂತ್ಯದ ಎಲ್ಲ ಮತದಾರರೂ ಸೇರಿ ರಾಜ್ಯಪಾಲರನ್ನು ಆರಿಸುವುದು. ಇನ್ನೊಂದು, ಶಾಸಕರು ನಾಲ್ಕು ಹೆಸರು ಆರಿಸಿ ಕಳಿಸುವುದು, ಅದರಲ್ಲಿ ಒಬ್ಬರನ್ನು ರಾಷ್ಟ್ರಪತಿ ನೇಮಿಸುವುದು. 1949ರ ಮೇ ಕೊನೆಯಲ್ಲಿ ಸಂವಿಧಾನ ಸಭೆ ಎರಡನ್ನೂ ಬಿಟ್ಟು ನೇರ ನೇಮಕವನ್ನು ಒಪ್ಪಿತು. ನೆಹರೂ ಅದನ್ನು ಬೆಂಬಲಿಸಿದರು. ಜನರಿಂದ ಆರಿಸಿ ಬಂದ ರಾಜ್ಯಪಾಲರು, ಜನರಿಂದಲೇ ಆರಿಸಿ ಬಂದ ಮುಖ್ಯಮಂತ್ರಿ, ಇಬ್ಬರೂ ಒಂದೇ ರಾಜ್ಯದಲ್ಲಿ ಜಗಳಕ್ಕೆ ನಿಲ್ಲುತ್ತಾರೆ ಎಂಬುದು ಅವರ ಭಯ. ಆ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಒಂದು ಒಪ್ಪಂದವಿತ್ತು. ನಾವು ಆರಿಸದ ರಾಜ್ಯಪಾಲರು ನಾವು ಆರಿಸಿದವರಿಗೆ ಕಾವಲಾಗಿರುತ್ತಾರೆ, ಅಡ್ಡ ಬರುವುದಿಲ್ಲ ಎಂಬ ಒಪ್ಪಂದ.

ಅದು ಮುರಿದ ಕಥೆ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರು ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತವಿಲ್ಲವೆಂದು ದೆಹಲಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ ತಮ್ಮ ಸಹಿಯನ್ನು ಮೋಸದಿಂದ ಪಡೆಯಲಾಗಿದೆ ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿಯವರು ಕೇಳಿಕೊಂಡರು. ರಾಜಭವನ ಕೇಳಲಿಲ್ಲ, ಏಪ್ರಿಲ್ 21ಕ್ಕೆ ಸರ್ಕಾರ ಹೋಯಿತು. ಅದು ತಪ್ಪು, ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವ ಹೊತ್ತಿಗೆ 1994ರ ಮಾರ್ಚ್ ಆಗಿತ್ತು. 2018ರಲ್ಲಿ ಮತ್ತೆ ಇದೇ ಪಾಠ. 104 ಸ್ಥಾನದ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲ ವಜುಭಾಯಿ ವಾಲಾ ಹದಿನೈದು ದಿನ ಕೊಟ್ಟರು. ಸುಪ್ರೀಂ ಕೋರ್ಟು ಅದನ್ನು ಮೇ 19ಕ್ಕೆ ಎಳೆದು ತಂದಿತು, ಯಡಿಯೂರಪ್ಪನವರು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು.

ನನಗೆ ನೋವಾಗುವ ಮಾತೊಂದಿದೆ. ಜನರ ಆಯ್ಕೆಯನ್ನು ಯಾರೂ ಕಸಿಯಬಾರದು ಎಂಬ ತೀರ್ಪಿಗೆ ಯಾರ ಹೆಸರಿದೆಯೋ ಅವರ ಮಗನೇ 2021ರ ಜುಲೈನಿಂದ 2023ರ ಮೇವರೆಗೆ ನಮ್ಮ ಮುಖ್ಯಮಂತ್ರಿ. ಆ ಅವಧಿಯಲ್ಲಿ ನಮ್ಮ ಚುನಾವಣೆ ನಡೆಯಲಿಲ್ಲ. ಅಧಿಕಾರ ವಿಕೇಂದ್ರೀಕರಣದ ಮಾತು ಆಡುತ್ತಲೇ ಬಂದ ಸಿದ್ದರಾಮಯ್ಯನವರ ಕಾಲದಲ್ಲೂ ನಡೆದಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ನಿಗದಿ ಮಾಡುವ ಕೆಲಸವನ್ನು ಸರ್ಕಾರ ನಡೆಸಿದವರು ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಅದೇ ಕೆಲಸ ಮುಗಿದಿಲ್ಲವೆಂದು ಹೈಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಕೇಳಿದರು. ಒಮ್ಮೆ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿಸಿಕೊಂಡರು. ಅದು ನಮ್ಮದೇ ದುಡ್ಡು. ಇದರಲ್ಲಿ ಪಕ್ಷಭೇದವಿಲ್ಲ. ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯರಿಲ್ಲದಿದ್ದರೆ ಶಾಸಕರ ಮಾತೇ ಕೊನೆಯ ಮಾತು. ಎಲ್ಲ ಪಕ್ಷಗಳ ಶಾಸಕರಿಗೂ ಇದು ಹಿತವಾಗಿದೆ.

ಇದೇ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೆ ದಾರಿ ತೋರಿಸಿತ್ತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಕಡೆಯ ಹಿರಿಯರು ಇವತ್ತಿಗೂ ‘ನೀರ್ ಸಾಬ್’ ಎಂದೇ ಕರೆಯುತ್ತಾರೆ, ಊರೂರಿಗೆ ಬೋರ್‌ವೆಲ್ ಹಾಕಿಸಿದರು ಅಂತ. ಅವರ ಜಿಲ್ಲಾ ಪರಿಷತ್ ಮಸೂದೆ 1983ರಲ್ಲಿ ಸಿದ್ಧವಾದರೂ ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆ ಪರಿಷತ್ತುಗಳು ಬಂದ ಮೇಲೆ ಜಿಲ್ಲೆಯ ಅಧಿಕಾರ ನಿಜವಾಗಿ ಜಿಲ್ಲೆಗೆ ಬಂತು.

ಈಗ ಹೇಮಾವತಿ ಲಿಂಕ್ ಕೆನಾಲಿನ ವಿಷಯ ನೋಡಿ. ಕಾಲುವೆಯ ನೀರನ್ನು ನಡುವಿನಿಂದಲೇ ಪೈಪಿನಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಈ ಯೋಜನೆಯ ವಿರುದ್ಧ ಇದೇ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ಮಠಾಧೀಶರೂ ಬಂದರು, ಪೊಲೀಸ್ ಕೇಸುಗಳೂ ಆದವು. ಕುಣಿಗಲ್‌ನವರು ನಮಗೆ ವೈರಿಗಳಲ್ಲ, ಬೀಗರು. ಅವರ ಕೆರೆಗಳಿಗೂ ನೀರು ಬೇಕು. ನೀರಾವರಿ ಯೋಜನೆ ಜಿಲ್ಲಾ ಪಂಚಾಯಿತಿಯ ಕೈಯಲ್ಲಿಲ್ಲ ಎಂಬುದೂ ಗೊತ್ತು. ಆದರೆ ಗುಬ್ಬಿಯ ಸದಸ್ಯ, ಕುಣಿಗಲ್‌ನ ಸದಸ್ಯ, ತುರುವೇಕೆರೆಯ ಸದಸ್ಯ ಮೂವರೂ ಮೈಕಿನ ಮುಂದೆ ಎದುರುಬದುರು ಕೂತು ವಾದ ಮಾಡುವ ಜಾಗ ಈ ಜಿಲ್ಲೆಯಲ್ಲಿ ಅದೊಂದೇ ಇತ್ತು. ಅದಕ್ಕೆ ಬೀಗ ಹಾಕಿದ ಮೇಲೆ ಜಗಳ ಮಣ್ಣು ಅಗೆಯುವ ಜಾಗಕ್ಕೇ ಹೋಯಿತು.

ಚುನಾಯಿತ ಮಂಡಳಿ ಇಲ್ಲದ ಪಂಚಾಯಿತಿಗೆ 15ನೇ ಹಣಕಾಸು ಆಯೋಗದ ಅನುದಾನವೂ ಇಲ್ಲ. ಇನ್ನು ಗ್ರಾಮ ಪಂಚಾಯಿತಿ. 2020ರ ಡಿಸೆಂಬರ್‌ನಲ್ಲಿ ಆರಿಸಿದ ಸದಸ್ಯರ ಅವಧಿ ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಅಲ್ಲಿಗೂ ಆಡಳಿತಾಧಿಕಾರಿ ಬಂದು ಕೂತರೆ, ಶಾಸಕರಿಂದ ಕೆಳಗೆ ನಾವು ಆರಿಸಿದ ಒಬ್ಬ ಮನುಷ್ಯನೂ ಈ ಹೋಬಳಿಯಲ್ಲಿ ಉಳಿಯುವುದಿಲ್ಲ.

ಸರ್ಕಾರವನ್ನು ವಜಾ ಮಾಡಿ ಎಂದು ನಾನು ಕೇಳುತ್ತಿಲ್ಲ. ಅಂಥದ್ದನ್ನು ಕೇಳಿದರೆ 1989ನ್ನು ಮರೆತಂತೆ. ಮಸೂದೆಗಳನ್ನು ತಡೆದಿಡಿ ಎಂದೂ ಕೇಳುವುದಿಲ್ಲ. ರಾಜ್ಯಪಾಲರು ಮಸೂದೆಗಳ ಮೇಲೆ ಕೊನೆಯಿಲ್ಲದೆ ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಕಳೆದ ತಿಂಗಳಷ್ಟೇ ಹೇಳಿದೆ. 167ನೇ ವಿಧಿಯಲ್ಲಿ ರಾಜ್ಯದ ಆಡಳಿತದ ಬಗ್ಗೆ ಮುಖ್ಯಮಂತ್ರಿಯಿಂದ ಮಾಹಿತಿ ಕೇಳುವ ಅಧಿಕಾರ ನಿಮಗಿದೆ. ಅದನ್ನು ಬಳಸಿ ಒಂದು ಪತ್ರ ಬರೆಯಿರಿ. ಜಿಲ್ಲಾ, ತಾಲ್ಲೂಕು, ಗ್ರಾಮ ಪಂಚಾಯಿತಿಗಳ ಚುನಾವಣೆ ಯಾವ ದಿನ ಎಂದು ಕೇಳಿ. ಬಂದ ಉತ್ತರವನ್ನು ಪತ್ರಿಕೆಗಳಿಗೆ ಕೊಡಿ. ನೀವು ಮಧ್ಯಪ್ರದೇಶದ ಶಾಜಾಪುರದಲ್ಲಿ ಜನರ ಮುಂದೆ ನಿಂತು ಮತ ಕೇಳಿ ಲೋಕಸಭೆಗೆ ಹೋದವರು. ಮತ ಕೇಳಲು ಬರುವವರೇ ಇಲ್ಲದ ಊರು ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆ ಶಾಲೆಯ ತೊಲೆ ಇನ್ನೂ ಹಾಗೇ ಇದೆ. ಮುಂದಿನ ಮಳೆ ಜೂನ್‌ನಲ್ಲಿ ಬರುತ್ತದೆ. ಅಷ್ಟರೊಳಗೆ ದಯವಿಟ್ಟು ಆ ಪತ್ರ ಬರೆಯಿರಿ.

ಇಂತಿ,
ಸಿ.ಎಸ್. ಪುರ ಹೋಬಳಿಯ ಒಬ್ಬ ಮತದಾರ