ಬಚ್ಚಲ ಬಾಗಿಲ ಮೇಲೊಂದು ಕಲ್ಲಿದ್ದಲ ಗಣಿ

ಮನೆ ರಿಪೇರಿ ಮಾಡಿಸಿದಾಗ ಬಚ್ಚಲ ಹಳೆಯ ಬಾಗಿಲು ಉಳಿಯಿತು. ಆರಡಿ ಉದ್ದ, ಎರಡಡಿ ಅಗಲ, ಚಿಲಕವಿದ್ದ ಕಡೆ ಒಂದು ತೂತು. ಗುಜರಿಯವನು ನೂರು ರೂಪಾಯಿ ಎಂದ, ನನ್ನಾಕೆ ನೂರೈವತ್ತು ಎಂದಳು. ಚೌಕಾಸಿ ಕಾವೇರುವ ಹೊತ್ತಿಗೆ ನಾನು ನಡುವೆ ಬಾಯಿ ಹಾಕಿ, “ಇದು ಮಾರೋದಲ್ಲ. ಇದರ ಮೇಲೆ ರೈಲು ಬಿಡ್ತೀನಿ” ಎಂದೆ.

“ಮೂವತ್ತು ವರ್ಷದಿಂದ ಬಿಡ್ತಾನೇ ಇದೀರಲ್ಲ, ಅದಕ್ಕೆ ಬಾಗಿಲು ಬೇರೆ ಬೇಕಾ?” ಎಂದಳು.

ಆಟಿಕೆ ರೈಲು ಎಂದರೆ ಊಟಿಯದೋ ಡಾರ್ಜಿಲಿಂಗಿನದೋ ಇರಲಿ, ಬೆಟ್ಟ, ಸುರಂಗ, ಹೂಗಿಡ ಎಂದು ಜನ ಆಸೆಪಡುತ್ತಾರೆ. ನನಗೆ ಕಲ್ಲಿದ್ದಲೇ ಬೇಕಿತ್ತು. ಅದಕ್ಕೆ ಕಾರಣ ರಾಯಚೂರು. ಅಲ್ಲಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾದಾಗಿನಿಂದ ನಮ್ಮ ತಲೆಮಾರಿನವರು ಪೇಪರಿನಲ್ಲಿ ಮಳೆ, ಬೆಳೆಯ ಜೊತೆಗೆ ಅಲ್ಲಿನ ಕಲ್ಲಿದ್ದಲ ದಾಸ್ತಾನನ್ನೂ ನೋಡಿಕೊಂಡೇ ಕಾಫಿ ಕುಡಿದವರು. ದಾಸ್ತಾನು ಎರಡು ದಿನಕ್ಕೆ ಇಳಿಯಿತು ಎಂದರೆ ಸಂಜೆಗೆ ಮೇಣದಬತ್ತಿ ತರಬೇಕು ಎಂದರ್ಥ. ಆ ಕಲ್ಲಿದ್ದಲಿನಲ್ಲಿ ಒಂದು ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲೇರಿ ಬರುತ್ತದೆ. 1871ರಲ್ಲಿ ಯೆಲ್ಲಂದು ಬಳಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಪತ್ತೆಹಚ್ಚಿದ ಕರಿಕಲ್ಲು ನೂರು ಚಿಲ್ಲರೆ ವರ್ಷದ ಮೇಲೆ ನಮ್ಮ ಮನೆಯ ಬಲ್ಬಿಗೂ ಬಂತು. ಈ ಋಣವನ್ನು ಬಚ್ಚಲ ಬಾಗಿಲ ಮೇಲಾದರೂ ತೀರಿಸೋಣ ಎನಿಸಿತು.

ಟೇಪು, ಪೆನ್ಸಿಲು ಹಿಡಿದು ಕೂತೆ. ಎಚ್‌ಒ ಎಂಬ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಭಾಗ. ಕಲ್ಲಿದ್ದಲು ಹೊರುವ ‘ಬಾಕ್ಸ್ ಎನ್’ ವ್ಯಾಗನ್ ನಿಜದಲ್ಲಿ 10.7 ಮೀಟರ್ ಉದ್ದ. ನನ್ನಲ್ಲಿ ಹನ್ನೆರಡೂಕಾಲು ಸೆಂಟಿಮೀಟರ್, ಅಂದರೆ ಎರಡೂವರೆ ಬೆಂಕಿಪೊಟ್ಟಣ. ಇಷ್ಟು ಸುಲಭವೇ ಎಂದು ಹಿಗ್ಗಿದೆ. ಆಮೇಲೆ ಇಡೀ ರೇಕಿನ ಲೆಕ್ಕ ಹಾಕಿದೆ. 58 ವ್ಯಾಗನ್, ಕೊನೆಗೊಂದು ಬ್ರೇಕ್ ವ್ಯಾನ್: ಏಳು ಮೀಟರಿಗೂ ಹೆಚ್ಚು. ಎಂಜಿನ್ ದೇವರಮನೆ ಮುಟ್ಟುವಾಗ ಗಾರ್ಡು ಪಕ್ಕದ ಮನೆಯವರ ಹಾಲಿನಲ್ಲಿರುತ್ತಾನೆ.

ಅಳತೆಯ ಜಗಳ ಅಲ್ಲಿಗೇ ಮುಗಿಯಲಿಲ್ಲ. ಇದೇ ಗೀಳಿನ ಗೆಳೆಯನೊಬ್ಬ ಬಂದು, “ನಿನ್ನ ಹಳಿಯೇ ಸುಳ್ಳು” ಎಂದ. ಅಂಗಡಿಯ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ವಿದೇಶದ 1,435 ಮಿಲಿಮೀಟರ್ ಹಳಿಯ ನಕಲು. ನಮ್ಮ ಬ್ರಾಡ್‌ಗೇಜ್ 1,676. ನ್ಯಾಯವಾಗಿ ಹತ್ತೊಂಬತ್ತು ಮಿಲಿಮೀಟರ್ ದಾಟಬೇಕು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ನೆನಪಾಯಿತು: ಅವನು ಕಟ್ಟುತ್ತಿರುವುದು ಇಂಗ್ಲೆಂಡಿನ ರೈಲು, 76ರಲ್ಲಿ ಒಂದು ಭಾಗದ್ದು. ಅದೂ ಓಡುವುದು ಇದೇ 16.5ರ ಹಳಿಯ ಮೇಲೆ! ಇದ್ದಿಲು ಮಸಿಗೆ ಬುದ್ಧಿ ಹೇಳಿದ ಹಾಗಾಯಿತು.

ಇದ್ದಿಲು ಎಂದಾಗ ನೆನಪಾಯಿತು. ವ್ಯಾಗನ್ನಿಗೆ ತುಂಬಲು ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಜರಡಿ ಹಿಡಿಯುವುದು ಈ ಹವ್ಯಾಸದವರ ರೂಢಿ. ಅದನ್ನು ಹುಡುಕಿಕೊಂಡು ಇಸ್ತ್ರಿ ಅಂಗಡಿಗೆ ಹೋದೆ. ಅವನ ಪೆಟ್ಟಿಗೆ ಗ್ಯಾಸಿಗೆ ತಿರುಗಿತ್ತು. ಮೂಲೆಯಲ್ಲಿದ್ದ ಹಳೆಯ ಚೀಲದಿಂದ ಒಂದು ಹಿಡಿ ಕೊಟ್ಟ. ಅದು ಸೌದೆ ಸುಟ್ಟ ಇದ್ದಿಲು. ಕಲ್ಲಿದ್ದಲಿನ ಹೊಳಪಿಲ್ಲ, ತೂಕವಿಲ್ಲ. ರವೆಯ ಜರಡಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಬಂದ ನೋಟಕ್ಕೆ ಹೆದರಿ ಗಣಿಗಾರಿಕೆಯನ್ನು ಮುಂದೂಡಿದೆ.

ಜಾಗ ಸಣ್ಣದಿದ್ದವರಿಗೆ ದಾರಿ ತೋರಿದವನು ಇಂಗ್ಲೆಂಡಿನ ಅಲನ್ ರೈಟ್. ಅವನ ‘ಇಂಗಲ್‌ನುಕ್’ ಎಂಬ ಯೋಜನೆಯಲ್ಲಿ ಮೂರೇ ಸೈಡಿಂಗು. ಒಂದರಲ್ಲಿ ಐದು ವ್ಯಾಗನ್ನಿಗೆ ಜಾಗ, ಉಳಿದೆರಡರಲ್ಲಿ ಮೂರು ಮೂರಕ್ಕೆ. ಎಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಅದರ ಜೊತೆ ಮೂರು ವ್ಯಾಗನ್ ಮಾತ್ರ ಹಿಡಿಯುತ್ತವೆ. ಇರುವ ಎಂಟು ವ್ಯಾಗನ್ನುಗಳಲ್ಲಿ ಚೀಟಿ ಎತ್ತಿ ಬಂದ ಐದನ್ನು, ಬಂದ ಕ್ರಮದಲ್ಲೇ ಜೋಡಿಸಬೇಕು. ಇಂಥ ಕ್ರಮಗಳು ಒಟ್ಟು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ಸಾಗುತ್ತದೆ. ನಿವೃತ್ತನಿಗೆ ಇನ್ನೇನು ಬೇಕು! ಬಾಗಿಲ ಮೇಲೆ ಸರಿಯಾಗಿ ಕೂತಿತು. ಚಿಲಕದ ತೂತಿಗೆ ರಟ್ಟಿನ ಬಂಕರ್ ಮುಚ್ಚಿ ಅದನ್ನೇ ಗಣಿ ಎಂದು ಕರೆದೆ. ಎಷ್ಟಾದರೂ ಗಣಿ ಎಂದರೆ ತೂತೇ ತಾನೆ.

ಎಂಜಿನ್ ಕೊಳ್ಳುವವರೆಗೆ ತೋರುಬೆರಳೇ ಎಂಜಿನ್. ಬೆಂಕಿಪೊಟ್ಟಣ ಅಂಟಿಸಿ ಎಂಟು ವ್ಯಾಗನ್ ಮಾಡಿದೆ, ತೂಕವಿರಲಿ ಎಂದು ಕಡ್ಡಿಗಳನ್ನು ಹಾಗೇ ಬಿಟ್ಟೆ. ಅರ್ಧ ಗಂಟೆ ಒದ್ದಾಡುವುದನ್ನು ನೋಡಿದ ನನ್ನಾಕೆ ಕೇಳಿದಳು: “ಎಲ್ಲದರಲ್ಲೂ ಕಲ್ಲಿದ್ದಲೇ ತಾನೆ? ಯಾವುದು ಮುಂದಿದ್ದರೇನು, ಯಾವುದು ಹಿಂದಿದ್ದರೇನು?”

ಇದಕ್ಕೆ ಅಲನ್ ರೈಟ್ ಕೂಡ ಉತ್ತರ ಕೊಡಲಾರ. ನಿಜದ ರೇಕಿನಲ್ಲಿ ಕ್ರಮಕ್ಕೆ ಅರ್ಥವೇ ಇಲ್ಲ. ಶಕ್ತಿನಗರದಲ್ಲಿ ವ್ಯಾಗನ್ನುಗಳನ್ನು ಹಿಡಿದು ತಲೆಕೆಳಗು ಮಾಡುವ ಯಂತ್ರಕ್ಕೆ ಎಲ್ಲವೂ ಒಂದೇ. ಒಂದು ದೊಡ್ಡ ಘಟಕ ದಿನವಿಡೀ ಪೂರ್ತಿ ಓಡಿದರೆ ಹೆಚ್ಚುಕಡಿಮೆ ಒಂದು ರೇಕನ್ನೇ ನುಂಗುತ್ತದೆ. ನನ್ನ ಐದು ವ್ಯಾಗನ್ ಅದಕ್ಕೆ ಎರಡು ಗಂಟೆಯ ತಿಂಡಿ. “ಕಾಯಿಲೆ ಬಿದ್ದ ವ್ಯಾಗನ್ನನ್ನು ಬೇರೆ ಮಾಡ್ಬೇಕಲ್ಲ” ಎಂದು ತೇಲಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ರಾಜ್ಯವೆಲ್ಲ ಕತ್ತಲಾದರೂ ಬೆರಳಿನ ಎಂಜಿನ್ ನಿಲ್ಲಬೇಕಿಲ್ಲವೆಂದು ನಾನು ಶಂಟಿಂಗ್ ಮುಂದುವರಿಸಿದೆ.

“ರೀ, ಬೆಂಕಿಪೊಟ್ಟಣ ಒಂದೂ ಸಿಗ್ತಿಲ್ಲ. ಎಲ್ಲಿಟ್ರಿ?”

“ತಡಿ, ನಾಲ್ಕನೇ ನಂಬರಿನ ವ್ಯಾಗನ್ನಲ್ಲಿ ಮೇಲಿರೋ ಪೊಟ್ಟಣ ತೆರೆಯುತ್ತೆ. ಆದ್ರೆ ಅದು ಸೈಡಿಂಗಿನ ತುದೀಲಿದೆ. ಮುಂದಿನ ಮೂರನ್ನ ಈಚೆಗೆ ಎಳೆದು, ಪಕ್ಕದ ಹಳಿಗೆ ಹಾಕಿ…”

ನಾನು ಎರಡನೆಯದನ್ನು ಎಳೆಯುವಷ್ಟರಲ್ಲಿ ಮೇಲಿನಿಂದೊಂದು ಕೈ ಬಂದು ನಾಲ್ಕನೆಯ ವ್ಯಾಗನ್ನನ್ನು ಎತ್ತಿಕೊಂಡಿತು. ಕಡ್ಡಿ ಗೀರಿದ ಸದ್ದು.

“ರಾಯಚೂರಿಗೆ ಕಲ್ಲಿದ್ದಲು ಬಂತು” ಎಂದಳು, ಮೇಣದಬತ್ತಿ ಹಿಡಿದು ಅಡುಗೆಮನೆಗೆ ನಡೆಯುತ್ತ.